ಅಮ್ಮನ ಗೊಬ್ಬರದ ಬೂಷ್ಟು

“ಬೂಷ್ಟಿಗೋಸ್ಕರ ಸಾಲಲ್ಲಿ ನಿಲ್ಲೋ ಕಾಲ ಬಂತಲ್ಲೋ ತಮ್ಮಾ!”

ಮಣ್ಣು ಪರೀಕ್ಷೆಯ ಕಚೇರಿಯ ಸಾಲಿನಲ್ಲಿ ಮುಂದೆ ನಿಂತಿದ್ದ ಅಕ್ಕ-ತಮ್ಮರಲ್ಲಿ ಅಕ್ಕ ಆಡಿದ ಈ ಮಾತಿಗೆ, ಹಿತ್ತಿಲ ಮಣ್ಣು ತಂದು ಹಿಂದೆ ನಿಂತಿದ್ದ ದರ್ಜಿಯೊಬ್ಬ ಕಿವಿ ನಿಮಿರಿಸಿದ. ತಮ್ಮನ ಕೈಯಲ್ಲಿ ಕಿತ್ತ ಟೊಮೆಟೊ ಗಿಡ. ಬೇರಿನುದ್ದಕ್ಕೂ ಮಣಿ ಪೋಣಿಸಿದಂತೆ ಗಂಟು.

“ಮೆಲ್ಲಗೆ ಅಕ್ಕಾ. ಬೇರಿಗೆ ಹುಳು ಸೇರಿದೆ, ಕಣ್ಣಿಗೂ ಕಾಣದಷ್ಟು ಸಣ್ಣದು. ಅದರ ಮೊಟ್ಟೆ ತಿನ್ನೋ ಬೂಷ್ಟಂತೆ ಇದು.”

“ಹಾಕೋದು ಹೇಗೆ?”

“ಗೊಬ್ಬರಕ್ಕೆ ಬೆರೆಸಿ, ಒದ್ದೆ ಗೋಣಿ ಮುಚ್ಚಿ ಹದಿನೈದು ದಿನ ನೆರಳಲ್ಲಿ ಇಡ್ಬೇಕು. ಬೂಷ್ಟು ಹಬ್ಬಿದ್ಮೇಲೆ ಗಿಡದ ಬುಡಕ್ಕೆ.”

“ಅಮ್ಮ ಮಾಡ್ತಿದ್ದದ್ದೂ ಅದೇ ಅಲ್ವೇನೋ! ಗೋಣಿ ಎತ್ತಿ ಎತ್ತಿ ನೋಡೋಳು. ‘ಮಗು ಮಲಗಿದೆ, ಗಲಾಟೆ ಮಾಡ್ಬೇಡಿ’ ಅಂತ ನಮ್ಮನ್ನ ಗದರೋಳು.”

“ಹೂಂ. ಅವಳು ಹೋದ್ಮೇಲೆ ನಾನೇ ಗಲೀಜು ಅಂತ ಅವಳ ಗೊಬ್ಬರದ ಗುಂಡಿ ತೊಳೆದು ಬ್ಲೀಚಿಂಗ್ ಪೌಡರ್ ಸುರಿದೆ. ಅಲ್ಲಿಂದಲೇ ಶುರುವಾಯ್ತು ಈ ಗಂಟು.”

“ಪಾತ್ರೆ ಉಜ್ಜು ಅಂದ್ರೆ ಓಡಿಹೋಗ್ತಿದ್ದೋನು, ಗೊಬ್ಬರ ತೊಳೆದ್ಯಾ!”

“ನಗಬೇಡ. ಈ ಸಲವೂ ಗಿಡ ಸತ್ರೆ ಅವಳ ತೋಟ ಬಿಟ್ಬಿಡ್ತೀನಿ. ಯಾವ ಮುಖ ಇಟ್ಕೊಂಡು ಅಲ್ಲಿ ಕಾಲಿಡ್ಲಿ?”

“ಬಿಡೋ ಮಾತಾಡಿದ್ರೆ ಕಿವಿ ಹಿಂಡ್ತೀನಿ. ಗೋಣಿ ನಾನು ತರ್ತೀನಿ, ನಡಿ.”

ಕಿಟಕಿಯಾಚೆಯ ಹೆಂಗಸು ಪೊಟ್ಟಣ ಕೊಡುತ್ತ, “ಬಿಸಿಲು ತಾಗಿಸಬೇಡಿ, ಇದಕ್ಕೆ ಜೀವ ಇದೆ” ಎಂದಳು. ಅಕ್ಕ ತಮ್ಮ ಇಬ್ಬರೂ ಉರಿಬಿಸಿಲಿಗೆ ಇಳಿದರು. ತಮ್ಮ ಕೊಡೆ ಬಿಚ್ಚಿದ. ಅದನ್ನು ಯಾರ ತಲೆಗೂ ಹಿಡಿಯದೆ, ಎದೆಯ ಮಟ್ಟಕ್ಕೆ ಇಳಿಸಿ ಪೊಟ್ಟಣಕ್ಕೆ ನೆರಳು ಮಾಡಿಕೊಂಡು ಮೆಲ್ಲಗೆ ನಡೆದುಹೋದ.