ನಾಲ್ಕು ತುಂಡಾದ ನೀಲಿ ಬಟ್ಟೆ

...ಅಯ್ಯೋ, ಅದನ್ನೇನು ಅಷ್ಟು ಹತ್ತಿರ ಹೋಗಿ ನೋಡ್ತೀಯೇ? ಬಾ, ಕೂತ್ಕೋ. ಐದು ವರ್ಷ ಆದ್ಮೇಲೆ ಅಕ್ಕನ ಮನೆಗೆ ಬಂದಿದೀಯ. ಅಮ್ಮ ಹೋದಾಗಲೂ ಬರೋಕಾಗಲಿಲ್ಲ ನಿನಗೆ. ಈಗ ಹೇಳದೆ ಕೇಳದೆ ಬಂದವಳು ಗೋಡೆ ಮುಂದೆ ನಿಂತ್ಕೊಂಡ್ರೆ...

ಅದು ಪ್ರಿಂಟು ಕಣೇ. ಬರೀ ಪೇಪರು. ಸೋಫಾ ಮಾರೋ ಅಂಗಡೀಲಿ ನಾಲ್ಕರ ಸೆಟ್ ಸಿಗುತ್ತಲ್ಲ, ಅಂಥದ್ದು. ಈಗ ಎಲ್ಲರ ಮನೇಲೂ ಇದೇ. ಅರ್ಧವೃತ್ತ, ತ್ರಿಕೋನ, ಗೆರೆ... ಜಪಾನಿ ಬಟ್ಟೆ ಡಿಸೈನು ಅಂತಾರೆ. ನಿನಗೆ ನಾನೇನು ಹೇಳೋದು, ಅಲ್ಲೇ ಹೋಗಿ ಬಣ್ಣ ಹಾಕೋದು ಕಲಿತವಳಿಗೆ! ಪಕ್ಕದ ಮನೆಯಾಕೆ ನೋಡಿ, ‘ಇದೇನ್ರೀ, ಜಾಮಿಟ್ರಿ ಬಾಕ್ಸ್ ತಂದು ಗೋಡೆಗೆ ಬಡಿದಿದೀರ’ ಅಂದ್ರು. ನಕ್ಕೂ ನಕ್ಕೂ ಸಾಕಾಯ್ತು... ನೀನ್ಯಾಕೆ ನಗ್ತಿಲ್ಲ?

ಬೇಡ, ತೆಗೀಬೇಡ! ಮೊಳೆ ಸಡಿಲ ಇದೆ... ತೆಗೆದೇಬಿಟ್ಟೆ. ಹಿಂದೆ ತಿರುಗಿಸಬೇಡ ಕಣೇ...

ಹೌದು. ಬಟ್ಟೆನೇ. ನಿಂದೇ. ಮಡಚಿದ ಅಂಚು ನೋಡಿದ ತಕ್ಷಣ ಗೊತ್ತಾಯ್ತಲ್ಲ ನಿನಗೆ. ಬಂತು ಕಣೇ ನಿನ್ನ ಪಾರ್ಸೆಲ್. ಬರಲಿಲ್ಲ ಅಂತ ಫೋನಲ್ಲಿ ಹೇಳಿದ್ದೆ, ಹೌದು. ಆದ್ರೆ ತಡವಾಗಿ ಬಂತು. ಅಮ್ಮ ಹೋದ ಮೇಲೆ. ಆ ಸಂಕಟದಲ್ಲಿ ಇದನ್ನೂ ಹೇಳೋದ್ಯಾಕೆ ಅಂತ ಸುಮ್ಮನಾದೆ.

ಯಾಕೆ ನಾಲ್ಕಾಗಿ ಕತ್ತರಿಸಿ ಫ್ರೇಮ್ ಹಾಕಿಸಿದೆ ಅಂತ ಕೇಳು. ಕೇಳೇ! ಪರದೆ ಹೊಲಿಯೋಳು ನಾನು, ದಿನಕ್ಕೆ ನಲವತ್ತು ಮೀಟರ್ ಕತ್ತರಿಸ್ತೀನಿ. ಎರಡನೇ ಸಲ ಅಳತೆ ನೋಡಿದ್ದೇ ಇಲ್ಲ. ಅವತ್ತು ನಾಲ್ಕು ಸಲ ನೋಡಿದೆ. ಏಳಡಿ ಬಟ್ಟೆ. ಮೇಲಿಂದ ನೀಲಿ ಅರ್ಧವೃತ್ತಗಳು ಇಳೀತಾ ಇಳೀತಾ, ಕೊನೇಲಿ ಒಂದೇ ಒಂದು ಕೆಂಪು ತ್ರಿಕೋನ. ಎಷ್ಟು ಚೆನ್ನಾಗಿತ್ತು! ಅದನ್ನ ಇಡಿಯಾಗಿ ನೋಡೋಕೆ ಆಗ್ತಿರಲಿಲ್ಲ ನನಗೆ. ಬಿಸಾಡೋಕೂ ಕೈ ಬರಲಿಲ್ಲ. ಪೆಟ್ಟಿಗೇಲಿಟ್ರೆ ಬಚ್ಚಿಟ್ಟ ಹಾಗೆ. ಗೋಡೆ ಮೇಲಿದ್ರೆ... ಬಚ್ಚಿಟ್ಟಿಲ್ಲ ಅಂತ ನನಗೆ ನಾನೇ ಹೇಳ್ಕೋಬಹುದಲ್ಲ.

ಆ ಫ್ರೇಮು ನನ್ನ ತಲೆ ಮೇಲೆ ಎತ್ತಿಹಾಕು, ಪರವಾಗಿಲ್ಲ. ಹಾಗೆ ಮಾತ್ರ ನೋಡಬೇಡ.

...ತಡವಾಗಿ ಬರಲಿಲ್ಲ.

ಅಮ್ಮ ಇದ್ದಳು. ಆ ಕೋಣೇಲಿ, ಕಿಟಕಿ ಪಕ್ಕದ ಮಂಚದ ಮೇಲೆ. ಬಾಗಿಲಲ್ಲೇ ಪಾರ್ಸೆಲ್ ಇಸ್ಕೊಂಡೆ, ಸದ್ದಿಲ್ಲದೆ ಬಿಚ್ಚಿದೆ. ನಿನ್ನ ಕಾಗದಾನೂ ಓದಿದೆ. ‘ಅಮ್ಮ, ಇದು ಉಡೋದಕ್ಕಲ್ಲ, ಹೊದೆಯೋದಕ್ಕಲ್ಲ, ನಿನ್ನ ಮಂಚದ ಎದುರಿನ ಗೋಡೆಗೆ. ಅಚ್ಚು ಕೊರೆದಿದ್ದೂ ನಾನೇ, ಬಣ್ಣ ಹಾಕಿದ್ದೂ ನಾನೇ. ನನ್ನ ಮೊದಲನೇ ಬಟ್ಟೆ.’

ಎರಡು ವರ್ಷ ಕಣೇ! ಎರಡು ವರ್ಷ ಅವಳನ್ನ ಎತ್ತಿ ಕೂರಿಸಿ, ಮೈ ಒರೆಸಿ, ತುತ್ತು ಇಟ್ಟಿದ್ದು ನಾನು. ಅವಳ ಬಾಯಲ್ಲಿ ಬರ್ತಿದ್ದಿದ್ದು ಮಾತ್ರ ಚಿಕ್ಕವಳು. ಚಿಕ್ಕವಳು ಏನು ಮಾಡ್ತಿದಾಳೋ, ಚಿಕ್ಕವಳು ಉಂಡಳೋ ಇಲ್ಲವೋ... ಇದನ್ನೂ ಎದುರಿಗೆ ನೇತುಹಾಕಿದ್ರೆ, ನಾನೊಬ್ಬಳು ಆ ಕೋಣೇಲಿದೀನಿ ಅನ್ನೋದೇ ಅವಳಿಗೆ ಕಾಣಲ್ಲ ಅನ್ನಿಸ್ತು. ನಾಳೆ ಕೊಡೋಣ ಅಂದ್ಕೊಂಡೆ. ಒಂದು ದಿನ. ಒಂದೇ ಒಂದು ದಿನ ನನ್ನೊಬ್ಬಳ ಅಮ್ಮ ಆಗಿರಲಿ ಅಂತ.

ಹನ್ನೊಂದು ದಿನ ಆಯ್ತು.

ಬಟ್ಟೆ ಕಳಿಸ್ತೀನಿ ಅಂತ ನೀನು ಫೋನಲ್ಲಿ ಅವಳಿಗೆ ಹೇಳಿದ್ಯಲ್ಲ, ದಿನಾ ಕೇಳೋಳು, ‘ಬಂತೇನೇ?’ ‘ಇಲ್ಲಮ್ಮ.’ ‘ಬಂತೇನೇ?’ ‘ಇಲ್ಲಮ್ಮ.’ ಕೊನೇ ದಿನ ಬೆಳಿಗ್ಗೆ ನನ್ನ ಕೈ ಹಿಡ್ಕೊಂಡ್ಲು. ‘ಮರೆತಿರಬೇಕು ಬಿಡು. ಫೋನ್ ಮಾಡಿದಾಗ ಅವಳನ್ನ ಬೈಬೇಡ. ಪಾಪ, ದೂರದಲ್ಲಿ ಒಬ್ಬಳೇ ಇದಾಳೆ’ ಅಂದ್ಲು. ಬಟ್ಟೆ ನನ್ನ ಹೊಲಿಗೆ ಮಿಷನ್ ಕೆಳಗಿತ್ತು. ಆರು ಹೆಜ್ಜೆ ಕಣೇ. ಆ ಮಂಚದಿಂದ ಆರೇ ಹೆಜ್ಜೆ.

ನಾನು ‘ಆಯ್ತಮ್ಮ, ಬೈಯಲ್ಲ’ ಅಂದೆ.