ಬೇಗ ಬಂದ ಉತ್ತರ

ಏನಿಲ್ಲ ದೊಡ್ಡಮ್ಮ, ಹೇಳಿದೆನಲ್ಲ, ಎಕ್ಸ್‌ರೇ ಸ್ವಲ್ಪ ಮಸುಕಾಗಿ ಬಂದಿದೆಯಂತೆ, ಇನ್ನೊಂದು ಸಲ ತೆಗೀಬೇಕಂತೆ, ಅಷ್ಟೇ. ಚಪ್ಪಲಿ ಹಾಕ್ಕೋ. ಟ್ಯಾಕ್ಸಿ ಕೆಳಗೆ ನಿಂತಿದೆ. ಆ ಹೊಲಿಗೆ ಆಮೇಲೆ ಮುಗಿಸಿದರಾಯ್ತು, ಕೋಟು ಎಲ್ಲಿಗೂ ಓಡಿಹೋಗಲ್ಲ.

ಯಾಕೆ ಹಾಗೆ ನೋಡ್ತೀಯ? ಮೂರು ಮಹಡಿ ಹತ್ತಿ ಬಂದವಳಿಗೆ ಏದುಸಿರು ಬರಬಾರದಾ? ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಅದಕ್ಕೆ. ನೀರು ಬೇಡ. ಹಾಂ, ಹಾಗೆ, ಇನ್ನೊಂದು ಕಾಲಿಗೂ ಹಾಕ್ಕೋ. ಯಾಕೆ ನಿಲ್ಲಿಸಿದೆ?

ಚೀಟಿ. ಹೌದು, ಗೊತ್ತು, ಬೆಳಿಗ್ಗೆ ಎಕ್ಸ್‌ರೇ ಕೇಂದ್ರದವರು ಕೊಟ್ಟದ್ದು, ‘ತೊಂದರೆ ಏನೂ ಕಾಣುತ್ತಿಲ್ಲ’ ಅಂತ ಅಚ್ಚಾಗಿದೆ. ಎರಡು ತಿಂಗಳಿಂದ ಕೆಮ್ಮು ಬಿಟ್ಟಿಲ್ಲ, ಎದೆ ಎಕ್ಸ್‌ರೇ ತೆಗೆಸು, ತೆಗೆಸು ಅಂತ ನಿನ್ನ ಬೆನ್ನು ಹತ್ತಿದವಳೇ ನಾನು. ಆ ಕೇಂದ್ರಕ್ಕೇ ಹೋಗು, ಅಲ್ಲಿರೋದು ನಮ್ಮ ಕಂಪನಿಯ ಸೇವೆ, ಕೂತಲ್ಲೇ ಉತ್ತರ ಬರುತ್ತೆ ಅಂದವಳೂ ನಾನೇ. ಬಂತಲ್ಲ.

ನಗಬೇಡ. ಇವತ್ತು ಆ ಡಬ್ಬಿ ತಮಾಷೆ ಬೇಡ. ಪಕ್ಕದ ಮನೆಯವರಿಗೆಲ್ಲ ‘ನಮ್ಮ ಹುಡುಗಿ ಕಂಪ್ಯೂಟರಲ್ಲಿ ಡಬ್ಬಿ ಕಟ್ತಾಳೆ’ ಅಂತ ಹೇಳ್ಕೊಂಡು ತಿರುಗ್ತೀಯ. ಒಂದು ಲೆಕ್ಕಕ್ಕೆ ಸರಿಯೇ. ಕೇಂದ್ರದವರು ಎಕ್ಸ್‌ರೇ ತೆಗೀತಾರೆ, ಅವರ ಕಂಪ್ಯೂಟರು ಅದನ್ನ ನಮ್ಮ ಸರ್ವರಿಗೆ ಕಳಿಸುತ್ತೆ. ಅಲ್ಲಿ ನಮ್ಮ ಮಾಡೆಲ್ ಇರುತ್ತೆ, ಲಕ್ಷಗಟ್ಟಲೆ ಎಕ್ಸ್‌ರೇ ನೋಡಿ ಕಲಿತ ಪ್ರೋಗ್ರಾಂ. ತೊಂದರೆ ಇದೆ, ಇಲ್ಲ ಅಂತ ಉತ್ತರ ವಾಪಸ್ ಕಳಿಸುತ್ತೆ. ಆ ಮಾಡೆಲನ್ನೂ ಅದಕ್ಕೆ ಬೇಕಾದ ಸರಂಜಾಮನ್ನೂ ಒಂದೇ ಕಂಟೇನರಿನಲ್ಲಿ, ಅಂದರೆ ನಿನ್ನ ಆ ಡಬ್ಬಿಯಲ್ಲಿ, ತುಂಬಿ ಸರ್ವರ್ ಮೇಲೆ ಏರಿಸೋದು ನನ್ನ ಕೆಲಸ. ‘ಇದೆ’ ಅಂತ ಬಂದರೆ ಡಾಕ್ಟರು ಅವತ್ತೇ ನೋಡ್ತಾರೆ. ‘ಇಲ್ಲ’ ಅಂತ ಬಂದವರು ಮನೆಗೆ ಹೋಗಬಹುದು. ಅವರ ಎಕ್ಸ್‌ರೇ ಡಾಕ್ಟರ ಕಣ್ಣಿಗೆ ಬೀಳೋದು ವಾರದ ಕೊನೆಗೆ.

ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಹೊಸ ಕಂಟೇನರ್ ಏರಿಸಿದೆ.

ಅಷ್ಟೇ. ಅದಕ್ಕೂ ನಿನ್ನ ಎಕ್ಸ್‌ರೇ ಮಸುಕಾಗಿದ್ದಕ್ಕೂ ಏನೂ ಸಂಬಂಧ ಇಲ್ಲ. ಹೊರಡೋಣವಾ?

...ಕನ್ನಡಕ ಯಾಕೆ ತೆಗೆದೆ? ನೀನು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರೆ ನಾನು ಮತ್ತೆ ಏಳು ವರ್ಷದವಳಾಗಿಬಿಡ್ತೀನಿ. ಸರಿ. ಸರಿ, ಹೇಳ್ತೀನಿ. ಮಸುಕಾಗಿಲ್ಲ. ಚೆನ್ನಾಗಿಯೇ ಬಂದಿದೆ. ಅದನ್ನ ಯಾರೂ ನೋಡಲಿಲ್ಲ.

ಆ ಮಾಡೆಲ್ ಏಳೋದಕ್ಕೆ ಹೊತ್ತು ಬೇಕು, ಅರ್ಧ ನಿಮಿಷ, ಒಂದು ನಿಮಿಷ. ಹೋದ ತಿಂಗಳು ಇದನ್ನ ನಮ್ಮ ಮ್ಯಾನೇಜರಮ್ಮನಿಗೆ ತೋರಿಸೋ ದಿನ, ಪರದೆ ಖಾಲಿ ನಿಂತರೆ ಚೆನ್ನಾಗಿರಲ್ಲ ಅಂತ ಮೂರು ಸಾಲು ಬರೆದೆ. ಮಾಡೆಲ್ ಇನ್ನೂ ಎದ್ದಿಲ್ಲದಿದ್ದರೆ, ಯಾವ ಎಕ್ಸ್‌ರೇ ಬಂದರೂ ಸರಿ, ‘ತೊಂದರೆ ಏನೂ ಕಾಣುತ್ತಿಲ್ಲ’ ಅಂತ ಹೇಳಿ ಕಳಿಸು ಅಂತ. ಆ ಒಂದು ದಿನದ ಮಟ್ಟಿಗೆ. ಆಮೇಲೆ ತೆಗೀಬೇಕಿತ್ತು, ಮರೆತೆ. ಹೊಸ ಕಂಟೇನರಿನೊಳಗೆ ಅವೂ ಸೇರಿಹೋದವು. ಅದರ ಮೇಲೆ ಇವತ್ತು, ಮಾಡೆಲಿನ ಫೈಲ್ ಎಲ್ಲಿದೆ ಅಂತ ಹೇಳೋ ಕಡೆ ತಪ್ಪು ಜಾಗ ಬರೆದಿದ್ದೆ. ಮಾಡೆಲ್ ಏಳಲೇ ಇಲ್ಲ. ಎರಡೂಕಾಲು ಗಂಟೆ.

ಯಾರಿಗೂ ಗೊತ್ತಾಗಲಿಲ್ಲವಾ ಅಂತೀಯಾ? ಹೇಗೆ ಗೊತ್ತಾಗುತ್ತೆ? ಹತ್ತು ಸೆಕೆಂಡಿಗೊಮ್ಮೆ ಒಂದು ಪ್ರೋಗ್ರಾಂ ಹೋಗಿ ‘ಚೆನ್ನಾಗಿದ್ದೀಯಾ’ ಅಂತ ವಿಚಾರಿಸುತ್ತೆ. ಡಬ್ಬಿಯ ಬಾಗಿಲಲ್ಲಿ ಕೂತಿರೋ ಇನ್ನೊಂದು ಪ್ರೋಗ್ರಾಂ ‘ಚೆನ್ನಾಗಿದ್ದೀನಿ’ ಅನ್ನುತ್ತೆ. ದೀಪ ಹಸಿರು. ಒಳಗೆ ಯಾರಾದರೂ ಇದ್ದಾರಾ ಅಂತ ಕೇಳೋ ಪ್ರಶ್ನೆಯನ್ನ ನಾನು ಬರೆದೇ ಇಲ್ಲ. ಮುಂಚೆ ಉತ್ತರ ಬರೋಕೆ ಎರಡು ಸೆಕೆಂಡು ಹಿಡೀತಿತ್ತು, ಇವತ್ತು ಕಣ್ಣು ಮಿಟುಕಿಸೋದರೊಳಗೆ ಬರ್ತಿತ್ತು. ನಾನೇನು ಮಾಡಿದೆ ಗೊತ್ತಾ? ಮ್ಯಾನೇಜರಮ್ಮನ್ನ ಕರೆದು ತೋರಿಸಿದೆ, ನೋಡಿ ಮೇಡಂ ಎಷ್ಟು ಫಾಸ್ಟ್ ಆಗಿದೆ ಅಂತ. ಅವರು ಎಲ್ಲರ ಕೈಲೂ ಚಪ್ಪಾಳೆ ಹೊಡೆಸಿದರು. ಆಗ ಹತ್ತು ಗಂಟೆ. ನಿನ್ನ ಚೀಟಿಯಲ್ಲಿ ಹೊತ್ತು ಹಾಕಿದೆ ನೋಡು, ಹತ್ತು ಗಂಟೆ ಎಂಟು ನಿಮಿಷ. ಇಲ್ಲಿ ಚಪ್ಪಾಳೆ, ಅಲ್ಲಿ ನೀನು ಉಸಿರು ಬಿಗಿಹಿಡಿದು ನಿಂತಿದ್ದೆ.

ಹನ್ನೊಂದೂಕಾಲಿಗೆ ಉತ್ತರಗಳ ಪಟ್ಟಿ ತೆಗೆದೆ. ಮೇಲಿಂದ ಕೆಳಗಿನ ತನಕ ಒಂದೇ ವಾಕ್ಯ, ಒಂದೇ ವಾಕ್ಯ. ತಕ್ಷಣ ಹಳೇ ಕಂಟೇನರ್ ವಾಪಸ್ ಹಾಕಿದೆ. ಎರಡು ನಿಮಿಷದ ಕೆಲಸ. ಈಗ ಎಲ್ಲ ಸರಿಯಾಗಿದೆ, ನಿಜವಾಗಲೂ ಸರಿಯಾಗಿದೆ.

ಏನು? ...ನಿನ್ನದಾ? ಚೀಟಿಯ ನಂಬರು ನೀನೇ ಖುಷಿಯಲ್ಲಿ ಫೋನ್ ಮಾಡಿ ಓದಿ ಹೇಳಿದ್ದೆಯಲ್ಲ. ಅದನ್ನ ಹುಡುಕಿ ಮತ್ತೆ ಮಾಡೆಲಿಗೆ ಕೊಟ್ಟೆ. ಈ ಸಲ ಎರಡು ಸೆಕೆಂಡು ತಗೊಂಡಿತು. ಬಲಗಡೆ, ಮೇಲೆ, ಒಂದು ಜಾಗಕ್ಕೆ ಗುರುತು ಹಾಕ್ತು. ಚಿಕ್ಕದು, ಅಂಗಿಯ ಗುಂಡಿಯಷ್ಟು. ಅದು ಏನು ಅಂತ ಯಂತ್ರ ಹೇಳಲ್ಲ ದೊಡ್ಡಮ್ಮ, ಡಾಕ್ಟರು ನೋಡಬೇಕು. ಹಳೇ ಗಾಯದ ಕಲೆ ಇರಬಹುದು. ಏನೂ ಅಲ್ಲದೇ ಇರಬಹುದು. ಅಳ್ತಿಲ್ಲ ನಾನು. ಅತ್ತರೂ ಅಳ್ತೀನಿ ಬಿಡು, ನೀನು ಏಳು. ಎಲ್ಲಾನೂ ಹೇಳಿದೆನಲ್ಲ. ಇನ್ನೇನು ಉಳಿದಿದೆ?

...ಆ ಹಳೇ ಅಳತೆ ಟೇಪು ಯಾಕೆ ತೆಗೆದೆ?

ಬೇಡ ದೊಡ್ಡಮ್ಮ. ಅದನ್ನ ಇನ್ನೂ ಇಟ್ಟಿದ್ದೀಯಾ! ಗೊಂಬೆಗೆ ಕೈಗಡಿಯಾರದ ಪಟ್ಟಿ ಬೇಕು ಅಂತ ನಾನು ತುದಿಯಿಂದ ಒಂದಿಂಚು ಕತ್ತರಿಸಿದ್ದು. ನೀನು ಗಮನಿಸದೆ ಎರಡು ದಿನ ಅದರಲ್ಲೇ ಮಕ್ಕಳ ಅಳತೆ ತೆಗೆದು, ಮೇಜಿನ ಸ್ಕೇಲಿನಲ್ಲಿ ಬಟ್ಟೆ ಕತ್ತರಿಸಿದೆ. ಇಪ್ಪತ್ತೆರಡು ಮಕ್ಕಳ ಸ್ಕೂಲ್ ಅಂಗಿ. ಒಂದಿಂಚು ದೊಡ್ಡದಾದರೆ ಏನೀಗ, ಮಕ್ಕಳು ಬೆಳೀತಾರೆ ಅಂದೆ ನಾನು. ನೀನು ನನ್ನ ಕೈ ಹಿಡ್ಕೊಂಡು ಇಪ್ಪತ್ತೆರಡೂ ಬಾಗಿಲು ತಟ್ಟಿದೆ. ಅಂಗಿ ವಾಪಸ್ ಕೊಡಿ, ಟೇಪು ನನ್ನದು, ನೋಡಿಕೊಳ್ಳಬೇಕಾಗಿದ್ದವಳು ನಾನು ಅಂತ ನೀನೇ ಹೇಳಿದೆ. ಯಾವ ಬಾಗಿಲಲ್ಲೂ ನನ್ನ ಹೆಸರು ಹೇಳಲಿಲ್ಲ.

ಅವು ಅಂಗಿ, ದೊಡ್ಡಮ್ಮ. ಇದಕ್ಕೆ ನನ್ನ ಕೆಲಸ ಹೋಗುತ್ತೆ. ಪೊಲೀಸರು ಬರಬಹುದು. ಇನ್ನು ಯಾರೂ ನನ್ನನ್ನ ಹತ್ತಿರ ಸೇರಿಸಲ್ಲ.

ಬೈಯಿ ಬೇಕಾದರೆ. ಟೇಪು ಸುತ್ತುತ್ತಾ ಏನು ಕೇಳಿದೆ, ಈ ಸಲ ಎಷ್ಟು ಬಾಗಿಲು ಅಂತಾನಾ?

ಮೂವತ್ತೆಂಟು.

ನಿನ್ನನ್ನೂ ಸೇರಿಸಿ ಮೂವತ್ತೆಂಟು ಜನ. ಬೇರೆ ಯಾರದ್ದನ್ನೂ ಮತ್ತೆ ಹಾಕಿ ನೋಡಿಲ್ಲ. ನೋಡಿದರೆ ಗೊತ್ತಾಗಿಬಿಡುತ್ತೆ, ಗೊತ್ತಾದ ಮೇಲೆ ಸುಮ್ಮನಿರೋಕೆ ಆಗಲ್ಲ, ಅದಕ್ಕೇ ನೋಡಲಿಲ್ಲ. ಯಾರಿಗೂ ಹೇಳಲಿಲ್ಲ. ದಾಖಲೆಯಲ್ಲಿ ‘ಸಣ್ಣ ಅಡಚಣೆ, ಸರಿಪಡಿಸಲಾಗಿದೆ’ ಅಂತ ಬರೆದು, ಬ್ಯಾಗು ಎತ್ಕೊಂಡು, ನಿನ್ನೊಬ್ಬಳಿಗೋಸ್ಕರ ಓಡಿ ಬಂದೆ. ಮಿಕ್ಕವರೆಲ್ಲ ಈಗ ಮನೇಲಿ ಚೀಟಿ ತೋರಿಸಿ, ನೆಮ್ಮದಿಯಾಗಿ ಊಟಕ್ಕೆ ಕೂತಿರ್ತಾರೆ.

ಮೊದಲು ನೀನು ನಡಿ, ದಾರೀಲಿ ಫೋನ್ ಮಾಡ್ತೀನಿ. ನಿನ್ನಾಣೆ ಮಾಡ್ತೀನಿ... ಹಾಕಿದ್ದ ಚಪ್ಪಲೀನೂ ಯಾಕೆ ಬಿಟ್ಟೆ? ಆ ಫೋನು ನನಗೆ ಕೊಡಬೇಡ. ಬೇಡ ಅಂದೆನಲ್ಲ. ಕೈ ಬಿಡು.

...ಇಲ್ಲ, ಬಿಡಬೇಡ. ಹಿಡ್ಕೊಂಡೇ ಇರು.

ಹಲೋ. ಮೇಡಂ, ನಾನು. ಬೆಳಿಗ್ಗೆ ಫಾಸ್ಟ್ ಆಗಿದೆ ಅಂತ ತೋರಿಸಿದೆನಲ್ಲ... ಅದು ಫಾಸ್ಟ್ ಅಲ್ಲ ಮೇಡಂ. ಒಳಗೆ ಮಾಡೆಲ್ ಇರಲೇ ಇಲ್ಲ. ಒಂಬತ್ತರಿಂದ ಹನ್ನೊಂದೂಕಾಲರ ತನಕ ಚೀಟಿ ತಗೊಂಡು ಹೋದವರನ್ನೆಲ್ಲ ವಾಪಸ್ ಕರೆಸಬೇಕು, ಇವತ್ತೇ, ಈಗಲೇ. ಮೂವತ್ತೆಂಟು ಜನ... ಹೌದು ಮೇಡಂ, ಆ ಮೂರು ಸಾಲು ಬರೆದವಳು ನಾನೇ... ಅವರಲ್ಲಿ ಒಬ್ಬರು ಇಲ್ಲೇ ಇದ್ದಾರೆ. ನಮ್ಮ ದೊಡ್ಡಮ್ಮ... ಬರ್ತಾರೆ ಮೇಡಂ. ಈಗ ಚಪ್ಪಲಿ ಹಾಕ್ಕೊಳ್ತಿದ್ದಾರೆ.