ಕೊಕ್ಕರೆ ದಿಣ್ಣೆಗೆ ನಾಲ್ಕು ಜೋಲಿ

ಹಲೋ... ಹಲೋ? ಯಾರು ಮಾತಾಡ್ತಿರೋದು? ... ಸ್ವಲ್ಪ ಜೋರಾಗಿ ಹೇಳಿ ತಾಯಿ, ಇಲ್ಲಿ ಗಾಳಿ. ... ಹಾಂ, ಹಾಂ, ದೋಣಿ ಒಡಿಲೇಯಾನೇ. ತಪಜೋಸ್ ಹೊಳೆ ಮೇಲೆ, ದೋಣೀಲಿ ಮಲಗೋಕೆ ಜೋಲಿ ಕಟ್ಟಿ ಜನರನ್ನ ಕರ್ಕೊಂಡು ಹೋಗೋಳು ನಾನೇ. ಹೇಳಿ.

... ತಡೀರಿ, ಒಂದು ನಿಮಿಷ. ಮರದ ಆ ಕಡೆಗೆ ಬರ್ತೀನಿ. ನಮ್ಮೂರಲ್ಲಿ ಸಿಗ್ನಲ್ ಸಿಗೋದು ಈ ಒಂದು ಮಾವಿನ ಮರದ ಕೆಳಗೆ, ಅದೂ ಬೇರಿನ ಮೇಲೆ ಹತ್ತಿ ನಿಂತ್ರೆ. ಮಧ್ಯದಲ್ಲಿ ಕಟ್ ಆದ್ರೆ ಮುದುಕಿ ಫೋನಿಟ್ಟಳು ಅಂತ ಬೈಕೋಬೇಡಿ. ... ಈಗ ಕೇಳಿಸ್ತಾ? ಹೇಳಿ.

... ಬೆಲೇಂ ಪಟ್ಟಣದಿಂದಾನಾ? ಅಷ್ಟು ದೂರದಿಂದ! ... ಮೂರು ಜನ. ನೀವು, ನಿಮ್ಮ ಮಗಳು, ನಿಮ್ಮತ್ತೆ. ಅತ್ತೆಗೆ ವಯಸ್ಸೆಷ್ಟು? ... ಎಪ್ಪತ್ತೆಂಟು. ಮಂಡಿನೋವು ಬೇರೆ. ಅಯ್ಯೋ, ನನಗೆ ಅರವತ್ಮೂರಕ್ಕೇ ಬಂದು ಕೂತಿದೆ ಬಿಡಿ, ಕರೆಯದೆ ಬಂದ ನೆಂಟನ ಹಾಗೆ.

... ನಿಧಾನದ ಪ್ರಯಾಣ ಬೇಕು, ಅಲ್ವಾ? ನನ್ನ ಬಾಯಿಗೆ ಸಕ್ಕರೆ ಹಾಕಿದ್ರಿ ನೋಡಿ! ಪಟ್ಟಣದವರು ಬರ್ತಾರೆ, ಒಂದೇ ದಿನದಲ್ಲಿ ಏಳು ಮರಳುದಂಡೆ ತೋರಿಸು ಅಂತಾರೆ. ಇಳಿ, ಫೋಟೋ ಹೊಡಿ, ಹತ್ತು. ಆ ಮರಳು ಪಾಪ, ಆರು ತಿಂಗಳು ನೀರಡಿ ಉಸಿರು ಕಟ್ಕೊಂಡು ಬಿದ್ದಿರುತ್ತೆ. ಮೇಲೆ ಬಂದಾಗ ಒಂದು ರಾತ್ರಿನಾದ್ರೂ ಅದರ ಜೊತೆ ಇರಬೇಡ್ವಾ?

... ಯಾವಾಗ ಬರ್ತೀರಿ? ... ಮುಂದಿನ ವಾರ? ಒಳ್ಳೇದೇ ಆಯ್ತು. ಅಕ್ಟೋಬರಲ್ಲಿ ನೀರು ಪೂರಾ ಇಳಿದಿರುತ್ತೆ. ಡಿಸೆಂಬರ್ ಆದ್ರೆ ಹೊಳೆ ಕೊಟ್ಟಿದ್ದನ್ನ ವಾಪಸ್ ಕೇಳಕ್ಕೆ ಶುರು ಮಾಡುತ್ತೆ.

... ಕೇಳಿ, ಹೇಳ್ತೀನಿ. ಮೊದಲನೇ ದಿನ ದೂರ ಬೇಡ. ಮಧ್ಯಾಹ್ನದ ಗಾಳಿ ಏಳೋದ್ರೊಳಗೆ ಒಂದು ತೊರೆಯೊಳಗೆ ದೋಣಿ ನುಗ್ಗಿಸಿ ಕಟ್ತೀನಿ, ಕಾಡು ಎರಡೂ ಕಡೆ ತಲೆ ಮೇಲೆ ಬಾಗಿರುತ್ತೆ, ತಂಪು. ಎರಡನೇ ದಿನ ಅದರ ಎದುರಿಗಿರೋ ಮರಳು. ಅಮ್ಮಾವ್ರಿಗೆ ಮೊಣಕಾಲುದ್ದ ನೀರಲ್ಲೇ ಕುರ್ಚಿ ಹಾಕಿ ಕೂರಿಸ್ತೀನಿ, ಮಂಡಿನೋವು ಅರ್ಧ ಹೊಳೆಗೇ ಹೋಗುತ್ತೆ. ಮೀನು ನಾನು ಸುಡ್ತೀನಿ. ಮರಗೆಣಸಿನ ಹುರಿದ ತರಿ ನಮ್ಮ ಮನೇದೇ, ಪಟ್ಟಣದಲ್ಲಿ ಮಾರೋ ಮರಳಿನಂಥದ್ದಲ್ಲ.

... ಮಗಳಿಗೆಷ್ಟು? ಎಂಟಾ? ಈಜು ಬರುತ್ತಾ? ... ಬರಲ್ವಾ? ನೀರಿನ ದಡದ ಬೆಲೇಂನಲ್ಲಿ ಹುಟ್ಟಿದ ಮಗೂನ ನೀರಿಗೇ ಇಳಿಸಿಲ್ವಾ ನೀವು? ... ಸರಿ ಸರಿ, ಕೇಳಲ್ಲ. ನೀರಲ್ಲಿ ಕಾಲೆತ್ತಿ ಇಡಬಾರದು, ಎಳ್ಕೊಂಡು ನಡೀಬೇಕು ಅಂತ ಈಗಲೇ ಹೇಳಿಕೊಡಿ. ಮರಳಡಿ ತೊರಕೆ ಮೀನು ಮಲಗಿರುತ್ತೆ, ತುಳಿದ್ರೆ ಮುಳ್ಳು ಹೊಡೆಯುತ್ತೆ. ಇನ್ನೊಂದು. ಇಳಿಯೋಕೆ ಮುಂಚೆ ಹೊಳೆತಾಯೀನ ಅಪ್ಪಣೆ ಕೇಳಬೇಕು. ಹೊತ್ತು ಮುಳುಗೋವಾಗ ನೀರಿನ ಹತ್ರ ಯಾರನ್ನೂ ಹೆಸರು ಹಿಡಿದು ಕರೀಬಾರದು.

... ಯಾಕೆ ಅಂದ್ರೆ? ಕರೆಸ್ಕೊಂಡವರಿಗಿಂತ ಮುಂಚೆ ಬೇರೆ ಯಾರಾದ್ರೂ ಕೇಳಿಸ್ಕೊಂಡುಬಿಟ್ರೆ? ನಗ್ತಿದ್ದೀರಾ? ... ನಗ್ತಿಲ್ವಾ. ಸರಿ.

... ನಿಮ್ಮನೇಲಿ ನಲ್ಲಿ ಬಿಟ್ಟಿದ್ದೀರಾ? ನೀರಿನ ಸದ್ದು ಬರ್ತಾ ಇದೆ. ... ಇಲ್ವಾ? ನಮ್ಮ ಹೊಳೆ ಈ ಮರದಿಂದ ಕಾಲು ಗಂಟೆ ದಾರಿ, ಇಲ್ಲಿಗೆ ಕೇಳಿಸಲ್ಲ. ಇರಲಿ ಬಿಡಿ, ಲೈನಿಂದಿರಬೇಕು.

... ಹಾಂ, ಜೋಲಿ ನಂದೇ, ಒಗೆದಿಟ್ಟಿದ್ದೀನಿ. ಮೂರು ಜೋಲಿ, ಮೂರು ಸೊಳ್ಳೆಪರದೆ. ... ನಾಲ್ಕಾ? ಮೂರು ಜನ ಅಂದ್ರಲ್ಲ. ... ಸಾಮಾನಿಗೆ ಜೋಲಿ ಬೇಡ ತಾಯಿ, ಹಲಗೆ ಇದೆ. ... ಸಾಮಾನಿಗಲ್ವಾ? ಮತ್ತೆ?

... ಮೂರು ಜನಕ್ಕೆ ನಾಲ್ಕು ಜೋಲಿ.

... ಯಾವ ಮರಳುದಂಡೆಗೆ ಹೋಗಬೇಕು ಅಂದ್ರಿ? ಇನ್ನೊಂದ್ಸಲ ಹೇಳಿ.

... ಕೊಕ್ಕರೆ ದಿಣ್ಣೆ. ಇಲ್ಲ. ಅದು ಈಗಿಲ್ಲ. ಹೋಗಿ ಎಷ್ಟೋ ವರ್ಷ ಆಯ್ತು. ಮರಳಿಗೇನು ಬೇರಿದ್ಯಾ? ಒಂದು ವರ್ಷ ಇಲ್ಲಿ, ಒಂದು ವರ್ಷ ಅಲ್ಲಿ. ಅದಕ್ಕಿಂತ ಚೆನ್ನಾಗಿರೋದು ಬೇಕಾದಷ್ಟಿವೆ, ನಾನು ತೋರಿಸ್ತೀನಿ, ಒಂದಂತೂ ಬಿಳಿ ಅಂದ್ರೆ ಬಿಳಿ...

... ಈ ವರ್ಷ ಎದ್ದಿದೆ ಅಂತ ನಿಮಗೆ ಯಾರು ಹೇಳಿದ್ರು?

... ಹೌದು. ಎದ್ದಿದೆ. ಒಂಬತ್ತು ವರ್ಷ ಆದಮೇಲೆ, ಅದೇ ಜಾಗದಲ್ಲಿ. ಹೋದ ತಿಂಗಳು ಆ ಕಡೆ ಹಾಯ್ತಾ ನೋಡಿದೆ, ದೋಣಿ ತಿರುಗಿಸ್ಕೊಂಡು ಬಂದೆ. ಸುಳ್ಳು ಹೇಳಿದೆ, ಕ್ಷಮಿಸಿ. ಆದ್ರೆ ನೀವ್ಯಾರು? ಹೆಸರು ಹೇಳಲೇ ಇಲ್ವಲ್ಲ.

... ಸುಯಾನಿ.

... ಯಾವ ಸುಯಾನಿ?

... ಜೊನಿಲ್ಸನ್ ಹೆಂಡತಿ ಸುಯಾನಿನಾ?

... ...

... ಇದ್ದೀನಿ. ಇದ್ದೀನಮ್ಮ. ಫೋನ್ ಇಟ್ಟಿಲ್ಲ. ಬೇರಿನ ಮೇಲೆ ನಿಂತಿದ್ನಲ್ಲ, ಕೂತ್ಕೊಂಡೆ. ... ಹಾಂ, ಕೂತ್ರೂ ಕೇಳಿಸ್ತಿದೆ.

... ಗುರುತು ಹಿಡೀಲಿಲ್ಲ ಮಗಳೇ. ಆಗ ನಿನ್ನ ದನಿ ಸಣ್ಣಗಿತ್ತು. ಮದುವೆಯಾಗಿ ಹತ್ತೇ ದಿನ ಆಗಿತ್ತಲ್ವಾ? ಕೈತುಂಬ ಗೋರಂಟಿ ಬಣ್ಣದ ಬಳೆ ಹಾಕಿದ್ದೆ. ... ಹಾಗಾದ್ರೆ ಈ ಮಗು... ಅವನದ್ದೇ? ... ಆಗಲೇ ಹೊಟ್ಟೇಲಿತ್ತಾ? ದೇವರೇ. ಹೆಸರೇನು? ... ಲೊರೆನಾ. ಚೆನ್ನಾಗಿದೆ. ಕಣ್ಣು ಯಾರದ್ದು? ... ಅವನದ್ದೇ. ಹಾಂ.

... ಮತ್ತೆ ಅತ್ತೆ ಅಂದ್ರೆ ಅವನ ತಾಯಿ. ಫಿರ್ಮಿನಾ ಅಮ್ಮಾವ್ರು. ವಿಚಾರಣೆ ದಿನ ಬಂದಿದ್ರು, ನೆನಪಿದೆ. ನಮ್ಮ ಯಜಮಾನರನ್ನ ನೋಡಿ ಕಾಲಡಿ ಉಗಿದ್ರು. ನಮ್ಮವರು, ಓರಿವಾಲ್ಡೊ, ತಲೆ ಎತ್ತಲಿಲ್ಲ.

... ಗೊತ್ತಿರಲಿಲ್ವಾ ನಿನಗೆ? ನಮ್ಮವರು ತೀರಿಹೋಗಿ ಆರು ವರ್ಷ ಆಯ್ತು. ... ಕಾಯಿಲೆ ಅಂತ ಏನಿಲ್ಲ. ದೋಣಿ ನಡೆಸೋ ಪರವಾನಗಿ ಕಿತ್ಕೊಂಡ್ರು. ದಡದಲ್ಲಿ ಕೂತ್ಕೊಂಡು ಬೇರೆಯವರ ದೋಣಿ ನೋಡ್ತಿದ್ರು. ನೋಡ್ತಾ ನೋಡ್ತಾ ಸವೆದ್ರು, ಅಷ್ಟೇ. ಮರಳಲ್ಲಿ ಜನರನ್ನ ಬಿಟ್ಟುಬಂದ ಓರಿವಾಲ್ಡೊ, ಹಾಗೇ ಹೆಸರು ಬಿತ್ತು. ನಮ್ಮೂರಿನ ನಾಲಿಗೆಗೆ ಮೂಳೆ ಇಲ್ಲ.

... ಅತ್ತೆ ಯಾಕೆ ಬರಬೇಕು ಅಂತಿದ್ದಾರೆ? ... ಬುತ್ತಿ ಕಟ್ಕೊಂಡಾ? ... ಹಾಂ, ಹೊಳೆಯೊಳಗಿನ ಊರು. ನಮ್ಮಲ್ಲೂ ಹೇಳ್ತಾರೆ. ಹೆಣ ಸಿಗದಿದ್ದವರು ಅಲ್ಲಿರ್ತಾರೆ, ದೀಪ, ಹಾಡು ಎಲ್ಲಾ ಇರುತ್ತೆ, ಅವರು ಕೊಟ್ಟಿದ್ದು ತಿಂದ್ರೆ ಮಾತ್ರ ವಾಪಸ್ ಬರಕ್ಕಾಗಲ್ಲ ಅಂತ. ... ಅದಕ್ಕೇ ಮನೆ ಅಡಿಗೆ ತರ್ತಾರಾ? ಒಂಬತ್ತು ವರ್ಷ ಅವನು ತಿನ್ನದೆ ಕಾದಿದ್ದಾನೆ ಅಂತಾನಾ?

... ಇಲ್ಲಮ್ಮ, ನಾನೇನೂ ನಗಲ್ಲ. ನಾಲ್ಕನೇ ಜೋಲಿ ಅವರು ಕೇಳಿದ್ದು, ಅಲ್ವಾ? ಕಟ್ತೀನಿ ಅಂತ ಹೇಳು. ಜಾಗನೂ ಖಾಲಿ ಇದೆ. ಎಡಗಡೆ ಮೂರನೇ ಕೊಕ್ಕೆ, ಅವನ ಜೋಲಿ ಇದ್ದಿದ್ದು, ನಾನು ಯಾರಿಗೂ ಕೊಡಲ್ಲ. ಹೋದ ವರ್ಷ ಬಣ್ಣ ಹೊಡೆಯೋವಾಗ ನೋಡಿದೆ, ಆ ಕೊಕ್ಕೆ ಸವೆದಿದೆ ಕಣೇ. ಹಗ್ಗ ಉಜ್ಜಿ ಉಜ್ಜಿ ಸವೆಯುತ್ತಲ್ಲ, ಹಾಗೆ. ಒಂಬತ್ತು ವರ್ಷದಿಂದ ಅದರಲ್ಲಿ ಜೋಲಿನೇ ಇಲ್ಲ.

... ಹೆದರಿಸ್ತಿಲ್ಲ. ನಾನೇ ಹೆದರಿದೀನಿ. ಇದನ್ನ ಬೇರೆ ಗಿರಾಕಿಗಳಿಗೆ ಹೇಳ್ತೀನಾ?

... ಏನದು? ಹೇಳು. ... ಅತ್ತೆ ಇಲ್ದೇ ಇರೋವಾಗ ಹೇಳಬೇಕು ಅಂತಲೇ ಫೋನ್ ಮಾಡಿದ್ದಾ? ಹೇಳಮ್ಮ.

... ಹಾಂ. ... ಹಾಂ. ಅವತ್ತು ಗಂಡ ಹೆಂಡ್ತಿ ಜಗಳ ಆಡಿದ್ರಿ. ಅದು ನನಗೂ ಗೊತ್ತು, ನಾನು ಒಲೆ ಹತ್ರ ಇದ್ದೆ. ಇನ್ನೊಂದು ಗಂಟೆ ಮರಳಲ್ಲಿರೋಣ ಅಂದ ಅವನು, ನಿನಗೆ ತಲೆನೋವು. ನೀನು ದೋಣಿಗೆ ಬಂದು ಮುಖ ಆ ಕಡೆ ತಿರುಗಿಸಿ ಮಲಗಿದೆ.

... ಅವನ ಜೋಲೀಲಿ ಹೊದಿಕೆ, ದಿಂಬು ಇಟ್ಟಿದ್ದು ನೀನಾ? ... ಜಾಗ ಹಿಡಿಯೋಕೆ. ಎಲ್ಲರೂ ಇಡ್ತಾರೆ. ಇಡದಿದ್ರೆ ಪಕ್ಕದವನು ಬಂದು ಬಿದ್ಕೋತಾನೆ. ಅದರಲ್ಲೇನು ತಪ್ಪು?

... ಹಾಂ. ನಾನು ಕೇಳಿದೆ. ಗಂಡ ಮಲಗಿದ್ದಾನಾ ಅಂತ. ... ಮಲಗಿದ್ದಾನೆ, ಎಬ್ಬಿಸಬೇಡಿ ಅಂದೆ ನೀನು. ... ತಿರುಗಿ ನೋಡಿರಲೇ ಇಲ್ವಾ?

... ಅಳಬೇಡ. ಅವನು ಬಂದಿದ್ದಾನೆ ಅಂತ ನೀನು ಅಂದ್ಕೊಂಡೆ. ಕೋಪದಲ್ಲಿ ಯಾವ ಹೆಂಡ್ತಿ ತಿರುಗಿ ನೋಡ್ತಾಳೆ? ಅಳಬೇಡ್ವೇ ಮಗಳೇ.

... ಏನಂದೆ? ಅತ್ತೆ ದಿನಾ ರಾತ್ರಿ ಪ್ರಾರ್ಥನೇಲಿ ಓರಿವಾಲ್ಡೊಗೆ ಶಾಪ ಹಾಕ್ತಾರಾ? ಈಗಲೂ? ... ಒಂಬತ್ತು ವರ್ಷ ನೀನು ಪಕ್ಕದಲ್ಲಿ ಮಂಡಿಯೂರಿ ಕೇಳಿಸ್ಕೊಂಡು, ಆಮೆನ್ ಅಂದ್ಯಾ?

... ಕೋಪ ಇಲ್ಲ. ಯಾವ ಮುಖ ಇಟ್ಕೊಂಡು ನಾನು ಕೋಪ ಮಾಡ್ಕೊಳ್ಳಲಿ.

... ಆ ಮರಳ ಮೇಲೇ ಅತ್ತೆಗೆ ಹೇಳಬೇಕಾ? ಮಲಗಿದ್ದಾನೆ ಅಂದಿದ್ದು ನಾನು, ಅವನನ್ನ ಕೊಂದಿದ್ದು ನಾನು ಅಂತ? ಬೇಡ. ನಿನ್ನ ಮಗಳ ಮುಂದೆನಾ? ಬೇಡ ಸುಯಾನಿ. ... ನಾನು ಪಕ್ಕದಲ್ಲಿ ನಿಂತಿರಬೇಕಾ? ಓರಿವಾಲ್ಡೊ ತಪ್ಪಿಲ್ಲ ಅಂತ ನನ್ನೆದುರಿಗೇ ಹೇಳಬೇಕು, ಅಷ್ಟೇನಾ?

... ಸ್ವಲ್ಪ ತಡಿ. ನೀರಿನ ಸದ್ದು ಜಾಸ್ತಿಯಾಗ್ತಿದೆ. ನಿನಗೆ ಕೇಳಿಸ್ತಿಲ್ವಾ? ... ನಿಜವಾಗ್ಲೂ?

... ಕೇಳಿಲ್ಲಿ. ನಮ್ಮ ದೋಣಿಯವರದ್ದೊಂದು ಕಟ್ಟಳೆ ಇದೆ. ದಡ ಬಿಡೋ ಮುಂಚೆ ಜೋಲಿ ಎಣಿಸಬಾರದು. ಕಾಲು ಎಣಿಸಬೇಕು. ಒಬ್ಬೊಬ್ಬರ ಜೋಲಿಗೂ ಹೋಗಿ ಬಟ್ಟೆ ಮೇಲಿಂದ ಪಾದ ಮುಟ್ಟಬೇಕು. ಬೆಚ್ಚಗಿದ್ರೆ ಒಬ್ಬ. ಓರಿವಾಲ್ಡೊ ಅಪ್ಪ ಹೇಳಿಕೊಟ್ಟಿದ್ದು ಅವರಿಗೆ, ಅವರು ನನಗೆ.

... ಹೌದು, ವಿಚಾರಣೇಲಿ ಅವರು ಹಾಗೇ ಹೇಳಿದ್ರು. ನಾನೇ ಎಣಿಸಿದೆ, ಮುಟ್ಟದೆ ಎಣಿಸಿದೆ ಅಂತ. ನೀನೂ ಕೇಳಿಸ್ಕೊಂಡೆ.

... ಅದನ್ನೇ ಹೇಳ್ತಿದ್ದೀನಿ ಕೇಳು. ಅವತ್ತು ಮರಳು ಬಿಟ್ಟು ಹೊರಡೋವಾಗ ಆಕಾಶ ಕಪ್ಪಾಗಿತ್ತು, ಅಲೆ ಎದ್ದಿತ್ತು. ಅಂಥ ಗಾಳೀಲಿ ಚುಕ್ಕಾಣಿ ಬಿಟ್ಟು ಯಾರಾದ್ರೂ ಏಳ್ತಾರಾ? ಅವರು ಕೂತ ಜಾಗದಿಂದ ಏಳಲೇ ಇಲ್ಲ. ಕೂಗಿದ್ರು. ಕಾಲು ಮುಟ್ಟಿದ್ಯಾ ಅಂತ ಕೂಗಿದ್ರು.

... ಯಾರನ್ನ ಅಂದ್ರೆ... ಕಟ್ ಕಟ್ ಆಗ್ತಿದೆ, ಇರು, ಎದ್ದು ನಿಲ್ತೀನಿ. ... ಕೇಳಿಸ್ತಿದ್ಯಾ?

... ನನ್ನ ಕೈಯೆಲ್ಲ ಮೀನಿನ ಪೊರೆ, ರಕ್ತ. ಆಗಷ್ಟೇ ಮೀನು ಸೀಳಿದ್ದೆ. ನಿಮ್ಮದು ಹೊಸ ಜೋಲಿ, ಮದುವೆಗೆ ಕೊಟ್ಟಿದ್ದು, ಬಿಳೀದು, ಅಂಚಿಗೆ ಕುಚ್ಚು. ಪಟ್ಟಣದ ಜನ, ಗಲೀಜು ಕೈ ಅಂದುಕೊಂಡಾರು ಅಂತ ಸಂಕೋಚ ಆಯ್ತು. ಅಷ್ಟೇ ಮಗಳೇ. ಅಷ್ಟಕ್ಕೇ. ದೂರದಿಂದ ನೋಡಿದೆ, ಜೋಲಿ ತುಂಬಿತ್ತು, ನಿನ್ನನ್ನ ಒಂದು ಮಾತು ಕೇಳಿದೆ, ಮುಗೀತು.

... ಸುಯಾನಿ? ... ಹಾಂ. ಇನ್ನೂ ಇದೆ, ಕೇಳು. ಆಮೇಲೆ ಹೇಳಕ್ಕೆ ನನಗೆ ಬಾಯಿ ಬರಲ್ಲ. ತೊರೆಯೊಳಗೆ ದೋಣಿ ಕಟ್ಟಿ ಕಾಫಿ ಕೊಡೋವಾಗ ಅವನ ಜೋಲೀಲಿ ಬರೀ ದಿಂಬು ಸಿಕ್ತಲ್ಲ, ಓರಿವಾಲ್ಡೊ ನನ್ನ ಮುಖ ನೋಡಿದ್ರು. ಒಂದೇ ಸಲ. ಏನೂ ಕೇಳಲಿಲ್ಲ. ಗಾಳಿ ನಿಂತು ಬೆಳಿಗ್ಗೆ ವಾಪಸ್ ಹೋದಾಗ ಆ ಮರಳ ಮೇಲೆ ಅವನ ಚಪ್ಪಲಿ ಜೋಡಿ ನೀರಿನ ಕಡೆ ಮುಖ ಮಾಡಿ ಬಿಟ್ಟಿತ್ತು. ಈಜಿ ದೋಣಿ ಹಿಡೀತೀನಿ ಅಂದ್ಕೊಂಡನೋ ಏನೋ. ಅವತ್ತಿಂದ ಸಾಯೋವರೆಗೂ ನಮ್ಮವರು ಎಣಿಸಿದ್ದು ತಾವೇ ಅಂದ್ರು. ನಾನು ಹಾಗೇ ಅನ್ನೋಕೆ ಬಿಟ್ಟೆ. ನೀನು ಆಮೆನ್ ಅಂದ ಹಾಗೆ ನಾನೂ ಸುಮ್ನಿದ್ದೆ.

... ಈಗ ಎಲ್ಲರ ಕಾಲೂ ಮುಟ್ತೀನಿ. ಗಿರಾಕಿಗಳು ಕಚಗುಳಿ ಅಂತ ನಗ್ತಾರೆ. ಒಂದು ಜೋಡಿ ಜಾಸ್ತಿ ಬರುತ್ತೆ ಕಣೇ. ಕತ್ತಲಲ್ಲಿ ಎಡಗಡೆ ಮೂರನೇ ಕೊಕ್ಕೆ ಹತ್ರ ಕೈ ಚಾಚಿದ್ರೆ ತಣ್ಣಗೆ, ಒದ್ದೆ, ಮರಳು ಮೆತ್ಕೊಂಡಿರೋ ಪಾದ. ಬೆಚ್ಚಗಿದ್ರೆ ಒಬ್ಬ ಅಂತ ಹೇಳಿಕೊಟ್ಟಿದ್ದಾರೆ. ತಣ್ಣಗಿದ್ರೆ ಎಣಿಸಬೇಕೋ ಬೇಡವೋ ಯಾರೂ ಹೇಳಿಕೊಟ್ಟಿಲ್ಲ. ನಾನು ಎಣಿಸ್ತೀನಿ.

... ಬನ್ನಿ ನೀವು. ಮೂರು ಜನಾನೂ ಬನ್ನಿ. ನೀನೇನೂ ಹೇಳಬೇಡ. ನಿಮ್ಮತ್ತೆ ಮುಂದೆ ಆ ಮರಳ ಮೇಲೆ ಮಂಡಿಯೂರೋಳು ನಾನು. ಉಗಿಯೋದಾದ್ರೆ ಈ ಸಲ ನನಗೇ ಉಗೀಲಿ. ಓರಿವಾಲ್ಡೊ ಹೆಸರನ್ನ ಪ್ರಾರ್ಥನೆಯಿಂದ ತೆಗೀಲಿ, ನನ್ನ ಹೆಸರು ಹಾಕ್ಲಿ. ಒಡಿಲೇಯಾ ಅಂತ ಹೇಳು. ಎಣಿಸಿದ್ದು ನಾನು, ಸುಯಾನಿ. ಕಾಲು ಮುಟ್ಟಿದ್ಯಾ ಅಂತ ಅವರು ಕೂಗಿದಾಗ ಮುಟ್ಟಿದ್ದೀನಿ, ಎಲ್ಲರೂ ಇದ್ದಾರೆ, ನಡೀರಿ ಅಂದಿದ್ದು ನಾನು.

... ಸುಯಾನಿ?

... ಹಲೋ? ... ಹಲೋ? ಇದ್ದೀಯಾ? ಎಲ್ಲೀತನಕ ಕೇಳಿಸ್ತಮ್ಮ ನಿನಗೆ? ... ಹಲೋ? ಬರೀ ನೀರಿನ ಸದ್ದು... ಎಲ್ಲೀತನಕ ಕೇಳಿಸ್ತು...